ಓದುಗರ ಪ್ರಶ್ನೆ, ಅಂಕಣದ ಉತ್ತರ: ಕಾಲು ಸುತ್ತು ತಡವಾಗಿ ಬರುವ ಕ್ಲಾಕ್

ಅನೇಕ ಎಲೆಕ್ಟ್ರಾನಿಕ್ ಚಿಪ್ಪುಗಳು ಒಂದೇ ಕ್ಲಾಕನ್ನು, ಅಂದರೆ ತಮ್ಮ ಕೆಲಸಕ್ಕೆಲ್ಲ ತಾಳ ಹಾಕುವ ವಿದ್ಯುತ್ ಬಡಿತವನ್ನು, ಬೇರೆ ಬೇರೆ ಫೇಸುಗಳಲ್ಲಿ ಬಳಸುತ್ತವೆ ಎಂದು ಕಳೆದ ತಿಂಗಳು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನೇ ಹಿಡಿದು ಕೊಡಗಿನಿಂದ ಐದು ಪತ್ರಗಳು ಬಂದಿವೆ. ಐದೂ ಬೇರೆ ಬೇರೆ ಕಡೆಯಿಂದ ಹೊರಟು ಕೊನೆಗೆ ಒಂದೇ ಜಾಗಕ್ಕೆ ಬಂದು ಸೇರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬಾವಿಯ ಸಿಂಗಲ್ ಫೇಸ್ ಮೋಟಾರಿನ ಕಂಡೆನ್ಸರ್ ಹೋದರೆ ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಕಂಡೆನ್ಸರ್ ಫೇಸನ್ನು ಸರಿಸಿ ಕೊಡುತ್ತದೆ, ಅದಕ್ಕೇ ಮೋಟಾರು ಹೊರಡುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ನೀವು ಬರೆದ ಚಿಪ್ಪಿನ ಫೇಸ್ ಕೂಡ ಇದೇನಾ? ಹಾಗಿದ್ದರೆ ಚಿಪ್ಪಿನೊಳಗೂ ಒಂದು ಕಂಡೆನ್ಸರ್ ಇಟ್ಟರೆ ಆಯಿತಲ್ಲ?
ಕಾಫಿ ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಎರಡೂ ಒಂದೇ. ಭೌತಶಾಸ್ತ್ರದ ಪಠ್ಯದಲ್ಲಿ ಇದಕ್ಕೆ ಪ್ರಾವಸ್ಥೆ ಎಂಬ ಹೆಸರಿದೆ; ಲೈನ್‌ಮನ್‌ನಿಂದ ಹಿಡಿದು ಚಿಪ್ ವಿನ್ಯಾಸ ಮಾಡುವವರವರೆಗೆ ಮಾತಿನಲ್ಲಿ ಎಲ್ಲರೂ ಫೇಸ್ ಎನ್ನುತ್ತಾರೆ. ಮರಳಿ ಮರಳಿ ಬರುವ ಬಡಿತದ ಒಂದು ಪೂರ್ತಿ ಸುತ್ತನ್ನು 360 ಡಿಗ್ರಿ ಎಂದು ಇಟ್ಟುಕೊಂಡರೆ, ಅದೇ ವೇಗದ ಇನ್ನೊಂದು ಬಡಿತ ಅದಕ್ಕಿಂತ ಎಷ್ಟು ಹಿಂದೆ ಅಥವಾ ಮುಂದೆ ಇದೆ ಎಂಬುದೇ ಫೇಸ್. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಾಗ ಒಬ್ಬರದು ಏರಿದರೆ ಇನ್ನೊಬ್ಬರದು ಇಳಿಯುತ್ತದೆ. ಅದು 180 ಡಿಗ್ರಿ. ಮೂವರು ಕೂಡಿದರೆ 120 ಡಿಗ್ರಿ, ನಮ್ಮ ತ್ರೀ ಫೇಸ್ ಲೈನಿನ ಹಾಗೆ. ಕರೆಂಟು ಸೆಕೆಂಡಿಗೆ 50 ಸುತ್ತು ಸುತ್ತುವುದರಿಂದ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿಯುತ್ತದೆ, ಒಂದು ಫೇಸಿಗೂ ಮುಂದಿನ ಫೇಸಿಗೂ 6.67 ಮಿಲಿಸೆಕೆಂಡ್ ಅಂತರವಿರುತ್ತದೆ. ಚಿಪ್ಪಿನಲ್ಲಿ ಬದಲಾಗುವುದು ವೇಗ ಮಾತ್ರ. ಕ್ಲಾಕು ಸೆಕೆಂಡಿಗೆ 10 ಕೋಟಿ ಸುತ್ತು, ಅಂದರೆ 100 ಮೆಗಾಹರ್ಟ್ಸ್, ಇದ್ದರೆ ಒಂದು ಸುತ್ತು 10 ನ್ಯಾನೊಸೆಕೆಂಡ್, ಕಾಲು ಸುತ್ತಾದ 90 ಡಿಗ್ರಿ 2.5 ನ್ಯಾನೊಸೆಕೆಂಡ್.

ಯಾಕೆ ಬೇಕು ಎಂದರೆ, ಕಂಪ್ಯೂಟರಿನ ಮೆಮೊರಿಯನ್ನೇ ನೋಡಿ. 3200 ಎಂದು ಬರೆದಿರುವ ಡಿಡಿಆರ್4 ಮೆಮೊರಿಯಲ್ಲಿ ಒಂದು ಬಿಟ್ (ಸೊನ್ನೆ ಅಥವಾ ಒಂದು) ತಂತಿಯ ಮೇಲೆ ನಿಲ್ಲುವುದು 312.5 ಪಿಕೊಸೆಕೆಂಡ್, ಅಂದರೆ ಒಂದು ನ್ಯಾನೊಸೆಕೆಂಡಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಓದುವ ಹೊತ್ತಿನಲ್ಲಿ ಮೆಮೊರಿ ತನ್ನ ದತ್ತಾಂಶವನ್ನೂ ಅದನ್ನು ಓದುವ ಹೊತ್ತು ತಿಳಿಸುವ ಸ್ಟ್ರೋಬ್ ಸಂಕೇತವನ್ನೂ ಅಂಚಿಗೆ ಅಂಚು, ಅಂದರೆ ಏರುವ ಇಳಿಯುವ ಕ್ಷಣಗಳನ್ನು, ಕೂಡಿಸಿ ಕಳಿಸುತ್ತದೆ. ಆ ಅಂಚಿನಲ್ಲಿಯೇ ಓದಲು ಹೋದರೆ ಬದಲಾಗುತ್ತಿರುವ ಬಿಟ್ ಕೈಗೆ ಸಿಗುತ್ತದೆ. ಸ್ಟ್ರೋಬಿನ ಒಂದು ಸುತ್ತಿನಲ್ಲಿ ಎರಡು ಬಿಟ್ ಬರುತ್ತವೆ; ಆದ್ದರಿಂದ ಅದನ್ನು ಕಾಲು ಸುತ್ತು, ಅಂದರೆ 156.25 ಪಿಕೊಸೆಕೆಂಡ್ ತಡಮಾಡಿ, ಬಿಟ್ಟಿನ ನಟ್ಟನಡುವೆ ತಂದು ಓದಬೇಕು. ಮಡಿಕೇರಿ ಆಕಾಶವಾಣಿಯನ್ನು ಕೇಳಿಸುವ ಮೊಬೈಲಿನ ಎಫ್ಎಂ ಚಿಪ್ಪಿಗೂ ಪರಸ್ಪರ 90 ಡಿಗ್ರಿ ಅಂತರದ ಎರಡು ಕ್ಲಾಕುಗಳು ಬೇಕು. ಅವಿಲ್ಲದೆ ಬೇಕಾದ ಸ್ಟೇಷನ್ನಿನ ಮೇಲೆ ಬೇಡದ ಕಡೆಯ ಸಂಕೇತ ಬಂದು ಕೂರುತ್ತದೆ.

ಇನ್ನು ನಿಮ್ಮ ಕಂಡೆನ್ಸರ್. ಮೋಟಾರಿನಲ್ಲಿ ಅದು ನಡೆಯುವುದು ಕರೆಂಟಿನ ವೇಗ ಸದಾ 50 ಆಗಿರುವುದರಿಂದ, ಎದುರಿಗಿರುವ ವೈಂಡಿಂಗೂ ಸದಾ ಅದೇ ಆಗಿರುವುದರಿಂದ. ಚಿಪ್ಪಿನಲ್ಲಿ ಒಂದು ರೆಸಿಸ್ಟರು, ಒಂದು ಕಂಡೆನ್ಸರು ಸೇರಿಸಿದರೆ ಅವುಗಳ ಅಳತೆಗೆ ಹೊಂದುವ ಒಂದು ವೇಗದಲ್ಲಿ 45 ಡಿಗ್ರಿ ಸರಿಯುತ್ತದೆ. 90ರ ಹತ್ತಿರಕ್ಕೆ ಹೋದಷ್ಟೂ ಸಂಕೇತವೇ ಕರಗುತ್ತದೆ. ಒಂದನ್ನು 45 ಹಿಂದಕ್ಕೆ, ಇನ್ನೊಂದನ್ನು 45 ಮುಂದಕ್ಕೆ ತಳ್ಳಿ ಎರಡರ ನಡುವೆ 90 ಪಡೆಯುವ ಉಪಾಯ ರೇಡಿಯೊ ಚಿಪ್ಪುಗಳಲ್ಲಿ ಬಳಕೆಯಲ್ಲಿದೆ, ಮತ್ತು ಅದು ಒಳ್ಳೆಯ ಉಪಾಯವೇ. ಆದರೆ ಚಿಪ್ಪಿನ ಮೇಲಿನ ರೆಸಿಸ್ಟರು, ಕಂಡೆನ್ಸರುಗಳ ಅಳತೆ ತಯಾರಿಕೆಯ ಒಂದು ಕಂತಿನಿಂದ ಇನ್ನೊಂದಕ್ಕೆ ಶೇಕಡಾ 15, 20ರಷ್ಟು ಆಚೀಚೆ ಆಗುತ್ತದೆ. ಆಗ 90 ಡಿಗ್ರಿಯೇನೋ ಉಳಿಯುತ್ತದೆ, ಎರಡು ಸಂಕೇತಗಳ ಎತ್ತರ ಮಾತ್ರ ಸಮನಾಗಿ ಉಳಿಯುವುದಿಲ್ಲ. ಜೊತೆಗೆ, ಚೌಕಾಕಾರದ ಕ್ಲಾಕು ಅಲ್ಲಿ ಹಾದು ಬಂದಾಗ ಅದರ ಅಂಚು ಮೊಂಡಾಗಿರುತ್ತದೆ. ಮೊಂಡು ಅಂಚನ್ನು ಮತ್ತೆ ಚೂಪು ಮಾಡುವ ಸರ್ಕ್ಯೂಟು ಉಳಿಸಿದ ವಿದ್ಯುತ್ತನ್ನೆಲ್ಲ ತಿಂದು ಹಾಕುತ್ತದೆ.

ಪ್ರಶ್ನೆ: ನಾನು ಕೊನೆಯ ವರ್ಷದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. 100 ಮೆಗಾಹರ್ಟ್ಸ್ ಕ್ಲಾಕಿನಿಂದ 0, 90, 180, 270 ಡಿಗ್ರಿಯ ನಾಲ್ಕು ಕ್ಲಾಕುಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ಪಡೆಯುವುದು ನನ್ನ ಪ್ರಾಜೆಕ್ಟ್. 1.2 ವೋಲ್ಟಿನಲ್ಲಿ ನೂರು ಇನ್ವರ್ಟರುಗಳನ್ನು ಸಾಲಾಗಿ ಜೋಡಿಸಿ 2.5 ನ್ಯಾನೊಸೆಕೆಂಡ್ ತಡ ಪಡೆದೆ. 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸರಿಯಾಗಿ 90 ಬಂತು. ಸ್ಲೋ ಕಾರ್ನರಿನಲ್ಲಿ 85 ಸೆಲ್ಸಿಯಸ್ಸಿಗೆ ಹೋದರೆ 122, ಫಾಸ್ಟ್ ಕಾರ್ನರಿನಲ್ಲಿ ತಣ್ಣಗಿಟ್ಟರೆ 68 ಬರುತ್ತಿದೆ. ತಪ್ಪು 5 ಡಿಗ್ರಿಯೊಳಗೆ ಇರಬೇಕೆಂದು ನಮ್ಮ ಗೈಡ್ ಮೇಡಂ ಹೇಳಿದ್ದಾರೆ. ವಿದ್ಯುತ್ ಉಳಿಸಲೆಂದು ವೋಲ್ಟೇಜನ್ನು 0.6ಕ್ಕೆ ಇಳಿಸಿದಾಗ ಬಿಸಿಯಾದಷ್ಟೂ ಸರ್ಕ್ಯೂಟು ವೇಗವಾಗುತ್ತಿದೆ. ಇದು ಸಿಮ್ಯುಲೇಷನ್ನಿನ ತಪ್ಪೇ?
ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಬೇರೆ ಓದುಗರಿಗಾಗಿ ಮೊದಲು ಒಂದು ಮಾತು: ಇಲ್ಲಿ ಇನ್ವರ್ಟರ್ ಎಂದರೆ ಮನೆಯ ಮೂಲೆಯಲ್ಲಿ ಬ್ಯಾಟರಿಯ ಪಕ್ಕ ಕುಳಿತು ಜೂನ್ ತಿಂಗಳಿಡೀ ದುಡಿಯುವ ಪೆಟ್ಟಿಗೆ ಅಲ್ಲ. ಒಂದನ್ನು ಸೊನ್ನೆ, ಸೊನ್ನೆಯನ್ನು ಒಂದು ಮಾಡುವ, ಎರಡೇ ಟ್ರಾನ್ಸಿಸ್ಟರುಗಳ ಅತಿ ಚಿಕ್ಕ ಸರ್ಕ್ಯೂಟು ಅದು. ಹಾಗೆ ಮಾಡಲು ಅದಕ್ಕೆ ಹಿಡಿಯುವ ಅಲ್ಪ ಸಮಯವನ್ನೇ ಇವರು ನೂರು ಸಲ ಕೂಡಿಸಿದ್ದಾರೆ. ಕಾರ್ನರ್ ಎಂದರೆ ತಯಾರಿಕೆಯ ಏರುಪೇರಿನ ಕೊನೆಯ ತುದಿ: ಟ್ರಾನ್ಸಿಸ್ಟರುಗಳು ಅತಿ ನಿಧಾನವಾಗಿ ಬಂದರೆ ಸ್ಲೋ, ಅತಿ ವೇಗವಾಗಿ ಬಂದರೆ ಫಾಸ್ಟ್.

ನಿಮ್ಮ ಸಿಮ್ಯುಲೇಷನ್ ಸರಿಯಾಗಿದೆ. ಬಿಸಿ ಏರಿದಾಗ ಟ್ರಾನ್ಸಿಸ್ಟರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಎಲೆಕ್ಟ್ರಾನುಗಳ ಓಡಾಟ ನಿಧಾನವಾಗುತ್ತದೆ. ಟ್ರಾನ್ಸಿಸ್ಟರು ತೆರೆದುಕೊಳ್ಳಲು ಬೇಕಾದ ಥ್ರೆಶೋಲ್ಡ್ ವೋಲ್ಟೇಜು ಇಳಿಯುತ್ತದೆ. 1.2 ವೋಲ್ಟಿನಲ್ಲಿ ಥ್ರೆಶೋಲ್ಡಿಗಿಂತ ಬಹಳ ಮೇಲೆ ಇರುವುದರಿಂದ ಮೊದಲನೆಯದು ಗೆದ್ದು ಸರ್ಕ್ಯೂಟು ನಿಧಾನಿಸುತ್ತದೆ. 0.6ರಲ್ಲಿ ಥ್ರೆಶೋಲ್ಡಿನ ಹತ್ತಿರಕ್ಕೆ ಬಂದಿರುತ್ತೀರಿ, ಅಲ್ಲಿ ಎರಡನೆಯದು ಗೆಲ್ಲುತ್ತದೆ. ನಡುವೆ ಎಲ್ಲೋ ಎರಡೂ ಸರಿಸಮವಾಗುವ ವೋಲ್ಟೇಜು ಒಂದಿರುತ್ತದೆ; ಅಲ್ಲಿ ನಿಂತರೆ ಉಷ್ಣತೆಯ ಕಾಟ ತಪ್ಪಿತು ಎಂದು ಆಸೆಯಾಗುತ್ತದೆ. ಆದರೆ ಆ ಬಿಂದು ಕಾರ್ನರಿನಿಂದ ಕಾರ್ನರಿಗೆ ಜರುಗುತ್ತದೆ, ಮತ್ತು ವೋಲ್ಟೇಜು ಇಳಿಸಿದಷ್ಟೂ ತಯಾರಿಕೆಯ ಏರುಪೇರು ತಡದಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ವಿದ್ಯುತ್ತು ವೋಲ್ಟೇಜಿನ ವರ್ಗದಂತೆ ಇಳಿಯುವುದು ನಿಜ. ಹಾಗೆ ಉಳಿಸಿದ್ದನ್ನು ಫೇಸಿನ ನಿಖರತೆಯಲ್ಲಿ ತೆರಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಮೂಲದ ತೊಂದರೆ ಬೇರೆ. ನೀವು ಮಾಡಿರುವುದು ತಡ. ನಿಮಗೆ ಬೇಕಾಗಿರುವುದು ಫೇಸ್. ತಡವನ್ನು ಸುತ್ತಿನ ಅವಧಿಯಿಂದ ಭಾಗಿಸಿದರೆ ಫೇಸ್ ಸಿಗುತ್ತದೆ, ಆದರೆ ನಿಮ್ಮ ಇನ್ವರ್ಟರುಗಳಿಗೆ ಸುತ್ತಿನ ಅವಧಿ ಎಷ್ಟೆಂದು ಯಾರೂ ಹೇಳಿಲ್ಲ. ಚಿಪ್ಪಿನೊಳಗೆ ನಂಬಬಹುದಾದ ಅಳತೆಗೋಲು ಕ್ಲಾಕಿನ ಅವಧಿ ಒಂದೇ. ಅದನ್ನು ಬಳಸುವುದಕ್ಕೆ ಎರಡು ದಾರಿಗಳಿವೆ: ಎಣಿಸುವುದು ಮತ್ತು ಅಳೆಯುವುದು.

ಎಣಿಸುವುದು ಸುಲಭ. ನಿಮ್ಮ ಚಿಪ್ಪಿನಲ್ಲಿ 400 ಮೆಗಾಹರ್ಟ್ಸ್ ಕ್ಲಾಕು ಈಗಾಗಲೇ ಬೇರೆ ಕೆಲಸಕ್ಕೆ ಓಡುತ್ತಿದ್ದರೆ, ಕ್ಲಾಕಿನ ಏರು ಅಂಚಿನಲ್ಲಿ ಒಂದು ಬಿಟ್ ಹಿಡಿದಿಡುವ ಎರಡು ಫ್ಲಿಪ್‌ಫ್ಲಾಪುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಕೊನೆಯದರ ತಲೆಕೆಳಗಾದ ಔಟ್‌ಪುಟ್ಟನ್ನು ಮೊದಲನೆಯದಕ್ಕೆ ತಂದು ಕೊಡಿ. ಇದು ಜಾನ್ಸನ್ ಕೌಂಟರ್. ನಾಲ್ಕು ಬಡಿತಕ್ಕೊಂದು ಸುತ್ತು ಮುಗಿಸುವುದರಿಂದ 100 ಮೆಗಾಹರ್ಟ್ಸಿನ ನಾಲ್ಕೂ ಫೇಸುಗಳು ತಾವಾಗಿಯೇ ಸಿಗುತ್ತವೆ. ಬಿಸಿ, ವೋಲ್ಟೇಜು, ಕಾರ್ನರು ಯಾವುದೂ ಇದನ್ನು ಅಷ್ಟಾಗಿ ಅಲುಗಿಸದು, ಏಕೆಂದರೆ ಏರು ಅಂಚುಗಳನ್ನು ಮಾತ್ರ ಎಣಿಸುತ್ತಿದ್ದೀರಿ. 200 ಮೆಗಾಹರ್ಟ್ಸ್ ಮಾತ್ರ ಇದ್ದರೆ ಎರಡು ಲ್ಯಾಚುಗಳಿಂದಲೂ (ಬಿಟ್ ಹಿಡಿದಿಡುವ ಇನ್ನೂ ಸರಳವಾದ ಸರ್ಕ್ಯೂಟು) ಇದೇ ಕೆಲಸ ಆಗುತ್ತದೆ, ಆದರೆ ಆಗ ಇಳಿ ಅಂಚನ್ನೂ ನಂಬಬೇಕಾಗುತ್ತದೆ. ಕ್ಲಾಕಿನ ಡ್ಯೂಟಿ ಸೈಕಲ್, ಅಂದರೆ ಸುತ್ತಿನಲ್ಲಿ ಅದು ಮೇಲಿರುವ ಪಾಲು, ಶೇಕಡಾ 50 ಬಿಟ್ಟು 55 ಆದರೆ ನಿಮ್ಮ 90 ಕೂಡ 99 ಆಗುತ್ತದೆ. ಲೆಕ್ಕ ಹಾಕಿ ನೋಡಿ: ಕ್ಲಾಕಿನ ಪ್ರತಿ ಸುತ್ತಿಗೂ ಒಂದು ತಂತಿ ನುಂಗುವ ಶಕ್ತಿ ಎಂದರೆ ಅದರ ಕೆಪಾಸಿಟೆನ್ಸ್ (ಕಂಡೆನ್ಸರಿನಂತೆ ಚಾರ್ಜು ಹಿಡಿಯುವ ಅಳತೆ, ಫ್ಯಾರಡ್‌ಗಳಲ್ಲಿ) ಗುಣಿಸು ವೋಲ್ಟೇಜಿನ ವರ್ಗ. ಎರಡು ಫ್ಲಿಪ್‌ಫ್ಲಾಪುಗಳ ಕ್ಲಾಕ್ ಪಿನ್ನುಗಳು ಒಟ್ಟು 10 ಫೆಮ್ಟೊಫ್ಯಾರಡ್ ಎಂದು ಇಟ್ಟುಕೊಂಡರೆ 1.2 ವೋಲ್ಟಿನಲ್ಲಿ 400 ಮೆಗಾಹರ್ಟ್ಸಿಗೆ ಸುಮಾರು 5.8 ಮೈಕ್ರೊವಾಟ್. ನಿಮ್ಮ ನೂರು ಇನ್ವರ್ಟರುಗಳಿಗೆ ತಲಾ 2 ಫೆಮ್ಟೊಫ್ಯಾರಡ್ ಎಂದರೂ 100 ಮೆಗಾಹರ್ಟ್ಸಿಗೆ ಸುಮಾರು 29 ಮೈಕ್ರೊವಾಟ್ ಆಗುತ್ತದೆ. ಆದರೆ 400 ಮೆಗಾಹರ್ಟ್ಸನ್ನು ಫೇಸುಗಳಿಗಾಗಿಯೇ ಹೊಸದಾಗಿ ಹುಟ್ಟಿಸಬೇಕಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಈ ದಾರಿ ಬೇಡ.

ಅಳೆಯುವ ದಾರಿಗೆ ಡಿಲೇ ಲಾಕ್ಡ್ ಲೂಪ್, ಲ್ಯಾಬಿನ ಮಾತಿನಲ್ಲಿ ಡಿಎಲ್ಎಲ್, ಎಂದು ಹೆಸರು. ತಡವನ್ನು ಹೆಚ್ಚು ಕಡಿಮೆ ಮಾಡಬಹುದಾದ ಒಂದು ಸಾಲನ್ನು ಇಟ್ಟು, ಅದರಿಂದ ಹೊರಬಂದ ಅಂಚು ಒಳಹೋಗುವ ಮುಂದಿನ ಅಂಚಿನೊಡನೆ ಕೂಡುವವರೆಗೆ ತಡವನ್ನು ತಿದ್ದುತ್ತಾ ಹೋಗುವುದು. ಕೂಡಿತು ಎಂದರೆ ಸಾಲಿನ ಉದ್ದ ಸರಿಯಾಗಿ ಒಂದು ಸುತ್ತು. ಕಾಲು ಭಾಗದಲ್ಲಿ ತಂತಿ ಎಳೆದರೆ 90 ಡಿಗ್ರಿ. ಬಿಸಿಯಾದರೂ ತಂಪಾದರೂ ಲೂಪು ತಿದ್ದಿಕೊಳ್ಳುತ್ತದೆ. ಇದರಲ್ಲಿ ಒಂದು ಹೊಂಡವಿದೆ: ಸಾಲು ಒಂದು ಸುತ್ತಿನ ಬದಲು ಎರಡು ಸುತ್ತಿನಷ್ಟು ಉದ್ದವಾದರೂ ಅಂಚುಗಳು ಕೂಡುತ್ತವೆ, ಲೂಪು ಸಂತೋಷದಿಂದ ಲಾಕ್ ಆಗಿ ಕೂರುತ್ತದೆ, ನಿಮ್ಮ 90 ಮಾತ್ರ 180 ಆಗಿರುತ್ತದೆ. ಆದ್ದರಿಂದ ಹೊರಡುವಾಗಲೇ ಸಾಲಿನ ತಡ ಅರ್ಧ ಸುತ್ತಿಗೂ ಒಂದೂವರೆ ಸುತ್ತಿಗೂ ನಡುವೆ ಇರುವಂತೆ ಕಟ್ಟಬೇಕು.

ಇಲ್ಲಿ ವಿದ್ಯುತ್ ಉಳಿಸುವ ಜಾಗಗಳು ಮೂರು ನಾಲ್ಕಿವೆ. ಹೊರಬಂದ ಅಂಚನ್ನು ತಲೆಕೆಳಗಾದ ಕ್ಲಾಕಿನೊಡನೆ ಹೋಲಿಸಿದರೆ ಸಾಲು ಅರ್ಧ ಸುತ್ತಿನಷ್ಟಿದ್ದರೆ ಸಾಕು. 180, 270ನ್ನು ತಲೆಕೆಳಗು ಮಾಡಿಯೇ ಪಡೆಯಬಹುದು, ಕ್ಲಾಕಿನ ಡ್ಯೂಟಿ ಸೈಕಲ್ ಸರಿಯಿದ್ದರೆ. ಇನ್ವರ್ಟರಿಗೆ ಹರಿಯುವ ಕರೆಂಟನ್ನು ಬಿಗಿಹಿಡಿದು ಒಂದೊಂದನ್ನೂ ನಿಧಾನ ಮಾಡಿದರೆ ನೂರರ ಕೆಲಸವನ್ನು ಹತ್ತೋ ಹನ್ನೆರಡೋ ಮಾಡುತ್ತವೆ. ಆದರೆ ಅಂಚು ಮಲಗಿದಷ್ಟೂ ಸಪ್ಲೈಯ ಗದ್ದಲ ಸಮಯದ ನಡುಕವಾಗಿ, ಅಂದರೆ ಜಿಟರ್ ಆಗಿ, ಒಳಸೇರುತ್ತದೆ. ನಿಧಾನವಾಗಿ ಏರುವ ಸಂಕೇತ ಮುಂದಿನ ಹಂತದ ಎರಡೂ ಟ್ರಾನ್ಸಿಸ್ಟರುಗಳನ್ನು ಒಟ್ಟಿಗೆ ತೆರೆದಿಟ್ಟು ಕರೆಂಟನ್ನು ಸುಮ್ಮನೆ ನೆಲಕ್ಕೆ ಸುರಿಯುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ತಡವನ್ನು ಕಂಡೆನ್ಸರಿನ ಮೇಲಿನ ವೋಲ್ಟೇಜಾಗಿ ಇಡದೆ ಒಂದು ಸಂಖ್ಯೆಯಾಗಿ ಇಟ್ಟರೆ, ಅಳೆಯುವ ಭಾಗವನ್ನು ಪೂರ್ತಿ ಮಲಗಿಸಬಹುದು. ವೋಲ್ಟೇಜು ಸೋರುತ್ತದೆ, ಸಂಖ್ಯೆ ಸೋರುವುದಿಲ್ಲ. ಒಂದು ಅಳೆಯುವ ಸಾಲು ಸುತ್ತಿನಲ್ಲಿ ಎಷ್ಟು ಕೋಶ (ತಡದ ಒಂದೊಂದು ತುಂಡು) ಹಿಡಿಯುತ್ತವೆ ಎಂದು ಎಣಿಸಿ, ಆ ಸಂಖ್ಯೆಯ ಕಾಲು ಭಾಗವನ್ನು ಕೆಲಸದ ಸಾಲಿಗೆ ಕೊಟ್ಟು ನಿದ್ದೆಹೋಗುತ್ತದೆ. ಒಂದು ಕೋಶ 25 ಪಿಕೊಸೆಕೆಂಡ್ ಆದರೆ 100 ಮೆಗಾಹರ್ಟ್ಸಿನಲ್ಲಿ 0.9 ಡಿಗ್ರಿ; ನಿಮ್ಮ 5ಕ್ಕೆ ಧಾರಾಳ. ಚಿಪ್ಪಿನ ಉಷ್ಣತೆ ಮಿಲಿಸೆಕೆಂಡುಗಳಲ್ಲಿ ಬದಲಾಗುವ ವಸ್ತು, ನ್ಯಾನೊಸೆಕೆಂಡುಗಳಲ್ಲಿ ಅಲ್ಲ, ಹಾಗಾಗಿ ಆಗಾಗ ಎದ್ದು ಅಳೆದರೆ ಸಾಕು. ಸಪ್ಲೈ ವೋಲ್ಟೇಜು ಮಾತ್ರ ಒಮ್ಮೆಲೇ ಕುಸಿಯಬಲ್ಲದು. ಕೆಲಸದ ಸಾಲಿಗೆ ವೋಲ್ಟೇಜನ್ನು ಸ್ಥಿರವಾಗಿಡುವ ಒಂದು ಚಿಕ್ಕ ರೆಗ್ಯುಲೇಟರ್ ಕೊಡಿ.

ಸಂಖ್ಯೆಯನ್ನು ಬದಲಿಸುವಾಗ ಎಚ್ಚರ. ನಾನು ಚಿಪ್ ವಿನ್ಯಾಸದಲ್ಲಿದ್ದ ದಿನಗಳಲ್ಲಿ ಹೀಗೊಂದು ಸಾಲು ಮಾಡಿದ್ದೆ. ಲ್ಯಾಬಿಗೆ ಬಂದ ಚಿಪ್ಪು ಗಂಟೆಗಟ್ಟಲೆ ಸರಿಯಾಗಿ ಓಡಿ, ಇದ್ದಕ್ಕಿದ್ದಂತೆ ಒಂದು ಎಣಿಕೆ ಹೆಚ್ಚಾಗಿ ತೋರಿಸುತ್ತಿತ್ತು. ಅಂಚು ಸಾಲಿನ ನಡುವೆ ಹಾದುಹೋಗುತ್ತಿರುವಾಗಲೇ ಸಂಖ್ಯೆ ಬದಲಾದರೆ, ಒಂದೇ ಅಂಚು ಹಳೆಯ ದಾರಿಯಿಂದ ಒಮ್ಮೆ, ಹೊಸ ದಾರಿಯಿಂದ ಒಮ್ಮೆ ಹೊರಬಂದು ಮಧ್ಯೆ ಒಂದು ಮುರುಕು ಬಡಿತವನ್ನು ಬಿಟ್ಟುಹೋಗುತ್ತದೆ. ಮುಂದಿನ ಸರ್ಕ್ಯೂಟು ಅದನ್ನೂ ಕ್ಲಾಕೆಂದೇ ಎಣಿಸುತ್ತದೆ. ತಪ್ಪು ನನ್ನದೇ ಆಗಿತ್ತು. ಅಂಚು ಹೊರಬಿದ್ದು ಸಾಲು ಸುಮ್ಮನಾದ ಮೇಲೆಯೇ ಸಂಖ್ಯೆ ಬದಲಾಗುವಂತೆ, ಮತ್ತು ಒಂದು ಸಲಕ್ಕೆ ಒಂದೇ ಕೋಶ ಸೇರುವಂತೆ ಅಥವಾ ಬಿಡುವಂತೆ ಮಾಡಿದ ಮೇಲೆ ಅದು ನಿಂತಿತು. ನಿಮ್ಮ ಸಿಮ್ಯುಲೇಷನ್ನಿನಲ್ಲಿ ಸಂಖ್ಯೆ ಬದಲಾಗುವ ಕ್ಷಣವನ್ನು ಸುತ್ತಿನ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಸಿ ನೋಡಿ. ವರದಿಯಲ್ಲಿ ಆ ಒಂದು ಚಿತ್ರವಿದ್ದರೆ ಪರೀಕ್ಷಕರು ಬೇರೆ ಕೇಳುವುದು ಕಡಿಮೆ.

ಕೊನೆಗೆ, ನೀವು ಕೇಳದ ಒಂದು ಪ್ರಶ್ನೆ: ಈ ನಾಲ್ಕು ಕ್ಲಾಕುಗಳು ಎಷ್ಟು ದೂರ ಹೋಗಬೇಕು? ಚಿಪ್ಪಿನ ಮೇಲಿನ ತಂತಿಗೆ ಒಂದು ಮಿಲಿಮೀಟರಿಗೆ ಹೆಚ್ಚುಕಡಿಮೆ 0.2 ಪಿಕೊಫ್ಯಾರಡ್ ಹಿಡಿಯಬಹುದು. 2 ಮಿಲಿಮೀಟರಿನ ನಾಲ್ಕು ತಂತಿಗಳೆಂದರೆ 1.6 ಪಿಕೊಫ್ಯಾರಡ್, ನಿಮ್ಮ ವೋಲ್ಟೇಜಿನಲ್ಲಿ ಸುಮಾರು 230 ಮೈಕ್ರೊವಾಟ್. ಫೇಸ್ ಹುಟ್ಟಿಸಲು ಖರ್ಚಾದ 29ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಒಂದೇ ಕ್ಲಾಕನ್ನು ದೂರಕ್ಕೆ ಕಳಿಸಿ, ಬಳಸುವ ಜಾಗದ ಬಾಗಿಲಲ್ಲೇ ನಾಲ್ಕು ಫೇಸುಗಳನ್ನು ಮಾಡಿಕೊಳ್ಳುವುದು, ಬೇಡದ ಹೊತ್ತಿನಲ್ಲಿ ಆ ಒಂದು ಕ್ಲಾಕನ್ನೇ ತಡೆದು ನಿಲ್ಲಿಸುವುದು, ಇದರಿಂದ ಸಿಗುವ ಉಳಿತಾಯ ಮಿಕ್ಕ ಎಲ್ಲ ಜಾಣತನಕ್ಕಿಂತ ದೊಡ್ಡದು.

ಪ್ರಶ್ನೆ: ಫೇಸುಗಳಿಗಾಗಿ ಪಿಎಲ್ಎಲ್ ಬಳಸಬಾರದೇಕೆ? ಅದರ ರಿಂಗ್ ಆಸಿಲೇಟರಿನಲ್ಲಿ ಫೇಸುಗಳು ಪುಕ್ಕಟೆಯಾಗಿ ಸಿಗುತ್ತವಲ್ಲ?
ಉಪನ್ಯಾಸಕರು, ಕುಶಾಲನಗರ

ಉತ್ತರ: ಪಿಎಲ್ಎಲ್, ಅಂದರೆ ಫೇಸ್ ಲಾಕ್ಡ್ ಲೂಪ್, ತನ್ನೊಳಗೇ ಹುಟ್ಟಿಸಿದ ಬಡಿತವನ್ನು ಹೊರಗಿನ ಕ್ಲಾಕಿನೊಡನೆ ಹೊಂದಿಸಿಕೊಳ್ಳುವ ಸರ್ಕ್ಯೂಟು; ಇನ್ವರ್ಟರಿನಂಥ ಹಂತಗಳನ್ನು ಬಳೆಯಂತೆ ಜೋಡಿಸಿ ಆ ಬಡಿತ ಹುಟ್ಟಿಸುವುದು ರಿಂಗ್ ಆಸಿಲೇಟರ್. ಅದು ಇದ್ದೇ ಇದ್ದರೆ ಖಂಡಿತ ಬಳಸಿ. ಫೇಸಿಗಾಗಿಯೇ ಹೊಸದಾಗಿ ಇಡಬೇಡಿ ಎನ್ನುತ್ತೇನೆ. ರಿಂಗ್ ಆಸಿಲೇಟರಿನಲ್ಲಿ ಒಂದು ಸುತ್ತಿನ ಅಂಚು ತಪ್ಪಿದರೆ ಆ ತಪ್ಪೇ ಮತ್ತೆ ಒಳಗೆ ಹೋಗಿ ಮುಂದಿನ ಸುತ್ತಿಗೂ ಸೇರುತ್ತದೆ, ಲೂಪು ಎಚ್ಚೆತ್ತು ತಿದ್ದುವವರೆಗೂ ಕೂಡುತ್ತಲೇ ಹೋಗುತ್ತದೆ. ಡಿಎಲ್ಎಲ್ಲಿನಲ್ಲಿ ಪ್ರತಿ ಅಂಚೂ ಹೊರಗಿನ ಕ್ಲಾಕಿನಿಂದ ಹೊಸದಾಗಿ ಹೊರಡುವುದರಿಂದ ಹಳೆಯ ತಪ್ಪಿನ ಸಾಲ ಉಳಿಯುವುದಿಲ್ಲ. ಅಂದರೆ ಅಷ್ಟೇ ಜಿಟರಿಗೆ ಅದು ಕಡಿಮೆ ವಿದ್ಯುತ್ತಿನಲ್ಲಿ ಬದುಕಬಲ್ಲದು. ಇದರ ಬದಲಿಗೆ ಹೊರಗಿನ ಕ್ಲಾಕಿನ ನಡುಕವನ್ನೂ ಅದು ಹಾಗೆಯೇ ಮುಂದೆ ದಾಟಿಸುತ್ತದೆ. ವೇಗ ಹೆಚ್ಚಿಸುವುದು ಅದರ ಸಹಜ ಕೆಲಸವಲ್ಲ. ನಡುಕ ಸೋಸುವುದು, ವೇಗ ಹೆಚ್ಚಿಸುವುದು, ಈ ಎರಡು ಕೆಲಸಗಳು ಬೇಕಾದಲ್ಲಿ ಪಿಎಲ್ಎಲ್ಲಿಗೆ ಪರ್ಯಾಯವಿಲ್ಲ.

ಪ್ರಶ್ನೆ: ಗಣಿತ ಹೇಳಿಕೊಟ್ಟು ನಿವೃತ್ತನಾದವನು. 0 ಡಿಗ್ರಿಯ ಕ್ಲಾಕನ್ನೂ 90 ಡಿಗ್ರಿಯ ಕ್ಲಾಕನ್ನೂ ಬೆರೆಸಿ ನಡುವಿನ ಯಾವ ಕೋನವನ್ನಾದರೂ ಪಡೆಯಬಹುದು ಎಂದು ಮೊಮ್ಮಗ ಹೇಳುತ್ತಾನೆ. ಮೂರು ಪಾಲು ಇದು, ಒಂದು ಪಾಲು ಅದು ಸೇರಿಸಿದರೆ 22.5 ಡಿಗ್ರಿ ಬರುವುದೇ?
ನಿವೃತ್ತ ಶಿಕ್ಷಕರು, ನಾಪೋಕ್ಲು

ಉತ್ತರ: ಗುರುಗಳೇ, ನಿಮ್ಮ ಸಂಶಯ ನ್ಯಾಯವಾದದ್ದು, ಬರುವುದಿಲ್ಲ. ಕ್ಲಾಕುಗಳನ್ನು ಸೈನ್ ಅಲೆಗಳೆಂದು ತೆಗೆದುಕೊಂಡರೆ ಇದು ಎರಡು ಬಾಣಗಳ ಕೂಡಿಕೆ. ಪೂರ್ವಕ್ಕೆ ಮುಕ್ಕಾಲು, ಉತ್ತರಕ್ಕೆ ಕಾಲು ಹೆಜ್ಜೆ ಇಟ್ಟರೆ ಮುಟ್ಟುವ ದಿಕ್ಕಿನ ಟ್ಯಾನ್ ಬೆಲೆ 1/3, ಅಂದರೆ ಕೋನ 18.43 ಡಿಗ್ರಿ. ಸುಮಾರು 4 ಡಿಗ್ರಿಯ ಕೊರತೆ. ಸಮಪಾಲು ಹಾಕಿದರೆ ಮಾತ್ರ ಸರಿಯಾಗಿ 45 ಬರುತ್ತದೆ, ಆಗ ಬಾಣದ ಉದ್ದ 0.707ಕ್ಕೆ ಇಳಿದಿರುತ್ತದೆ. ನಾವು ನಡೆಯುವುದು ವೃತ್ತದ ಮೇಲಲ್ಲ, ಎರಡು ತುದಿಗಳನ್ನು ಕೂಡಿಸುವ ಜ್ಯಾದ ಮೇಲೆ. ತಪ್ಪೆಲ್ಲ ಹುಟ್ಟುವುದು ಅಲ್ಲಿಂದ. ಹಾಗಾದರೆ ಜ್ಯಾವನ್ನು ಚಿಕ್ಕದು ಮಾಡಿದರೆ? ನಾಲ್ಕರ ಬದಲು ಎಂಟು ಫೇಸುಗಳಿಂದ ಹೊರಟು 0 ಮತ್ತು 45 ಡಿಗ್ರಿಯನ್ನು ಅದೇ ಮೂರು-ಒಂದು ಪಾಲಿನಲ್ಲಿ ಬೆರೆಸಿ ನೋಡಿ: 11.25 ಬರಬೇಕಾದಲ್ಲಿ 10.80 ಬರುತ್ತದೆ. ಅಂತರ ಅರ್ಧವಾಯಿತು, ತಪ್ಪು ಒಂಬತ್ತನೇ ಒಂದು ಪಾಲಿಗೆ ಇಳಿಯಿತು.

ಮೊಮ್ಮಗನಿಗೆ ಈ ಎರಡು ಮಾತು ತಿಳಿಸಿ. ಈ ಬೆರಸುವ ಸರ್ಕ್ಯೂಟಿಗೆ ಫೇಸ್ ಇಂಟರ್‌ಪೊಲೇಟರ್ ಎನ್ನುತ್ತಾರೆ, ನಿಜವಾದ ಕ್ಲಾಕು ಸೈನ್ ಆಗಿರದೆ ಚೌಕವಾಗಿರುತ್ತದೆ. ಎರಡು ಅಂಚುಗಳೂ ಚೂಪಾಗಿ, ಒಂದು ಪೂರ್ತಿ ಏರಿದ ಮೇಲೆ ಇನ್ನೊಂದು ಏರಲು ಹೊರಟರೆ, ಬೆರೆತದ್ದು ಓರೆಯಾದ ಅಂಚಾಗದೆ ನಡುವೆ ಮೆಟ್ಟಿಲಿರುವ ಏಣಿಯಾಗುತ್ತದೆ, ಪಾಲು ಬದಲಿಸಿದರೂ ಕೋನ ಸರಿಯುವುದಿಲ್ಲ. ಅಂಚುಗಳು ಒಂದರ ಮೇಲೊಂದು ಮಲಗುವಷ್ಟು ನಿಧಾನವಾಗಿರಬೇಕು. ನಿಧಾನದ ಅಂಚಿನ ಬೆಲೆಯನ್ನು ಮೇಲೆ ಪೊನ್ನಂಪೇಟೆಯ ಉತ್ತರದಲ್ಲಿ ಹೇಳಿದ್ದೇನೆ.

ಎಷ್ಟು ತಪ್ಪನ್ನು ಸಹಿಸಬಹುದು ಎಂಬ ಲೆಕ್ಕವೂ ನಿಮಗೆ ಹಿಡಿಸಬಹುದು. ರೇಡಿಯೊದಲ್ಲಿ ಎರಡು ಕ್ಲಾಕುಗಳ ಎತ್ತರ ಸಮನಾಗಿದ್ದು 90ರಲ್ಲಿ 1 ಡಿಗ್ರಿ ಮಾತ್ರ ತಪ್ಪಿದ್ದರೆ ಬೇಡದ ಸಂಕೇತದ ಶಕ್ತಿ ಸುಮಾರು 13,000ದಲ್ಲಿ ಒಂದು ಪಾಲು ಒಳಬರುತ್ತದೆ. 5 ಡಿಗ್ರಿ ತಪ್ಪಿದರೆ 525ರಲ್ಲಿ ಒಂದು. ತಪ್ಪಿನ ವರ್ಗದಂತೆ ಸೋರಿಕೆ ಏರುತ್ತದೆ. ಆದರೆ ತಪ್ಪನ್ನು ಇಳಿಸುವ ಖರ್ಚೂ ವರ್ಗದಂತೆಯೇ ಏರುತ್ತದೆ ಎಂಬುದು ಈ ಕಸುಬಿನ ಕಹಿ ಸತ್ಯ. ಅಕ್ಕಪಕ್ಕದ ಎರಡು ಟ್ರಾನ್ಸಿಸ್ಟರುಗಳ ನಡುವಿನ ಏರುಪೇರು ಅವುಗಳ ವಿಸ್ತೀರ್ಣದ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ತಪ್ಪನ್ನು ಅರ್ಧ ಮಾಡಲು ವಿಸ್ತೀರ್ಣವನ್ನು ನಾಲ್ಕು ಪಟ್ಟು ಮಾಡಬೇಕು, ಅದರೊಡನೆ ಕೆಪಾಸಿಟೆನ್ಸೂ ವಿದ್ಯುತ್ತೂ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತವೆ. ಕಡಿಮೆ ವಿದ್ಯುತ್ತಿನ ಫೇಸ್ ಸರ್ಕ್ಯೂಟಿನ ವಿನ್ಯಾಸ ಶುರುವಾಗಬೇಕಾದದ್ದು ಟ್ರಾನ್ಸಿಸ್ಟರಿನಿಂದಲ್ಲ, ಎಷ್ಟು ಡಿಗ್ರಿ ತಪ್ಪಬಹುದು ಎಂಬ ಪ್ರಶ್ನೆಯಿಂದ ಎಂದು ನಾನು ಪ್ರತಿ ಸಲ ಹಟ ಹಿಡಿಯುವುದು ಇದಕ್ಕೇ. 5 ಸಾಕಾಗುವಲ್ಲಿ 1 ಕೇಳಿದವರು ಬ್ಯಾಟರಿಯನ್ನು ಇಪ್ಪತ್ತೈದು ಪಟ್ಟು ಸುಟ್ಟಾರು. ಪೊನ್ನಂಪೇಟೆಯ ಹುಡುಗಿಯ ಗೈಡ್ ಮೇಡಂ ಅನುಭವಸ್ಥರೆಂದು ಕಾಣುತ್ತದೆ.

ಪ್ರಶ್ನೆ: ತೋಟಗಳಲ್ಲಿ ಮಣ್ಣಿನ ತೇವಾಂಶ ಅಳೆದು ರೇಡಿಯೊ ಮೂಲಕ ಕಳಿಸುವ ಚಿಕ್ಕ ಬೋರ್ಡುಗಳನ್ನು ಹಾಕಿಕೊಡುತ್ತೇನೆ. ಸಿಆರ್2032 ಸೆಲ್ಲು ಎರಡು ವರ್ಷ ಬರಬೇಕಿತ್ತು, ಒಂದೂವರೆ ತಿಂಗಳಿಗೇ ಮುಗಿಯುತ್ತಿದೆ. ಚಿಪ್ಪಿನ ಡೇಟಾಶೀಟಿನಲ್ಲಿ ಕ್ಲಾಕ್ ಫೇಸ್ ಭಾಗ 200 ಮೈಕ್ರೊಆಂಪಿಯರ್ ಎಳೆಯುತ್ತದೆ ಎಂದಿದೆ. ಅದೇ ಕಾರಣವೇ? ಜೊತೆಗೆ ಜುಲೈ ಮಳೆಯಲ್ಲಿ ಕೆಲವು ಬೋರ್ಡುಗಳ ಗಡಿಯಾರವೇ ನಿಂತುಹೋಗುತ್ತದೆ.
ಯುವ ಉದ್ಯಮಿ, ಸೋಮವಾರಪೇಟೆ

ಉತ್ತರ: ಅದೇ ಕಾರಣವಿರಬೇಕು, ಲೆಕ್ಕವೂ ಅದನ್ನೇ ಹೇಳುತ್ತದೆ. ಆ ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಗಂಟೆ. 200 ಮೈಕ್ರೊಆಂಪಿಯರನ್ನು ಬಿಡುವಿಲ್ಲದೆ ಎಳೆದರೆ 1,100 ಗಂಟೆ, ಅಂದರೆ 46 ದಿನ. ರೇಡಿಯೊ ಮಾತಾಡಿ ಮುಗಿಸಿದ ಮೇಲೂ ನಿಮ್ಮ ಪ್ರೋಗ್ರಾಂ ಆ ಭಾಗವನ್ನು ಆರಿಸುತ್ತಿಲ್ಲ. ಅದು ಎಚ್ಚರವಿರಬೇಕಾದದ್ದು ನೂರರಲ್ಲಿ ಒಂದು ಪಾಲು ಹೊತ್ತು ಎಂದಾದರೆ ಸರಾಸರಿ 2 ಮೈಕ್ರೊಆಂಪಿಯರಿಗೆ ಇಳಿಯುತ್ತದೆ. ಚಿಪ್ಪಿನ ನಿದ್ದೆಯ ಖರ್ಚೂ ರೇಡಿಯೊದ ಖರ್ಚೂ ಸೇರಿ ಸರಾಸರಿ 10 ಆದರೂ 22,000 ಗಂಟೆ, ಎರಡೂವರೆ ವರ್ಷ. ಸೆಲ್ಲು ತಾನಾಗಿ ಸೊರಗುವುದನ್ನು ಕಳೆದರೂ ನಿಮ್ಮ ಎರಡು ವರ್ಷಕ್ಕೆ ಕೊರತೆಯಿಲ್ಲ. ಆರಿಸುವಾಗ ಒಂದನ್ನು ಗಮನಿಸಿ. ಫೇಸ್ ಸರ್ಕ್ಯೂಟು ಪ್ರತಿ ಸಲವೂ ಮೊದಲಿನಿಂದ ಲಾಕ್ ಆಗಬೇಕಾದರೆ ನೂರಾರು ಸುತ್ತುಗಳು ಹಿಡಿಯಬಹುದು, ಆ ಹೊತ್ತಿಡೀ ಚಿಪ್ಪಿನ ಬಾಕಿ ಭಾಗಗಳೂ ಎದ್ದು ಕಾಯುತ್ತಿರುತ್ತವೆ. ತಡದ ಸಂಖ್ಯೆಯನ್ನು ನಿದ್ದೆಯಲ್ಲೂ ಉಳಿಸಿಕೊಳ್ಳುವ ರಿಜಿಸ್ಟರ್ ಸೌಲಭ್ಯ ಡೇಟಾಶೀಟಿನಲ್ಲಿ ಇದೆಯೇ ನೋಡಿ; ಇದ್ದರೆ ಎದ್ದ ಕೂಡಲೇ ಹಳೆಯ ಸಂಖ್ಯೆಯಿಂದ ಹೊರಟು ಒಂದೆರಡು ಹೆಜ್ಜೆಯಲ್ಲಿ ಸರಿಹೋಗುತ್ತದೆ.

ಮಳೆಯಲ್ಲಿ ನಿಲ್ಲುತ್ತಿರುವುದು ಆ ಭಾಗವಲ್ಲ, ಹೆಚ್ಚಾಗಿ ಸದಾ ಎಚ್ಚರವಿರುವ 32,768 ಹರ್ಟ್ಸಿನ ಚಿಕ್ಕ ಕ್ರಿಸ್ಟಲ್. ಆ ಸಂಖ್ಯೆ 2ರ 15ನೇ ಘಾತ. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೊಂದು ಬಡಿತ ಸಿಗುತ್ತದೆ ಎಂಬುದಕ್ಕೇ ಹೆಚ್ಚಿನ ಕ್ವಾರ್ಟ್ಜ್ ಕೈಗಡಿಯಾರಗಳಲ್ಲೂ ಅದೇ ಇರುತ್ತದೆ. ವಿದ್ಯುತ್ ಉಳಿಸಲೆಂದು ಅದನ್ನು ಓಡಿಸುವ ಕರೆಂಟನ್ನು ಎಷ್ಟು ಸಣ್ಣದಾಗಿ ಇಟ್ಟಿರುತ್ತಾರೆಂದರೆ, ಅದರ ಎರಡು ಕಾಲುಗಳ ನಡುವೆ ಬೋರ್ಡಿನ ಮೇಲೆ ಉಳಿದ ಬೆಸುಗೆಯ ಫ್ಲಕ್ಸು ತೇವ ಹೀರಿ ಒಂದಿಷ್ಟು ಸೋರಿದರೂ ಸಾಕು, ಬಡಿತ ನಿಲ್ಲುತ್ತದೆ. ನಿಂತ ಬೋರ್ಡೊಂದನ್ನು ತಂದು ಬಿಸಿಲಿಗೆ, ಬಿಸಿಲಿಲ್ಲದಿದ್ದರೆ ಒಲೆಯ ಹತ್ತಿರದ ಬೆಚ್ಚನೆಯ ಜಾಗದಲ್ಲಿ, ಒಂದು ದಿನ ಇಡಿ. ತಾನಾಗಿ ಓಡಿದರೆ ಕಾರಣ ತೇವವೇ. ಬೆಸುಗೆಯಾದ ಮೇಲೆ ಆ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ನಂತರ ಬೋರ್ಡಿಗೆ ಲೇಪನ ಕೊಡಿ. ತೊಳೆಯದೆ ಲೇಪನ ಕೊಟ್ಟರೆ ತೇವ ಒಳಗೇ ಉಳಿದು ಮುಂದಿನ ಜುಲೈಗೂ ಅದೇ ಪತ್ರ ಬರೆಯಬೇಕಾದೀತು.